ಎದೆಯ ಮೇಲೆ ಕೂತದ್ದು

ಬೋರಗಾಂವದ ಪವರ್‌ಲೂಮಿನಲ್ಲಿ ರಾತ್ರಿ ಪಾಳಿ ಮುಗಿಸಿ ಹಗಲು ಮಲಗಿದರೆ ನನಗೆ ಥಟ್ಟನೆ ಎಚ್ಚರವಾಗುತ್ತಿತ್ತು. ಆದರೆ ಕೈಕಾಲು ಅಲ್ಲಾಡುತ್ತಿರಲಿಲ್ಲ. ಎದೆಯ ಮೇಲೆ ಯಾರೋ ಕೂತಂತಾಗಿ, ಕೂಗಲು ಹೋದರೆ ದನಿಯೇ ಬರುತ್ತಿರಲಿಲ್ಲ.

ನಿಪ್ಪಾಣಿಯ ಡಾಕ್ಟರು ಹೇಳಿದರು: "ಅದು ದೆವ್ವ ಅಲ್ಲ ತಂಗಿ. ಮನಸ್ಸು ಎದ್ದಿರ್ತೈತಿ, ಮೈ ಇನ್ನೂ ನಿದ್ದ್ಯಾಗ ಇರ್ತೈತಿ. ಹೆದರಬ್ಯಾಡ, ಒಂದ ಬೆರಳ ಅಲ್ಲಾಡಿಸಾಕ ನೋಡು. ಅಂಗಾತ ಮಲಗಬ್ಯಾಡ."

ಹಾಗೆ ಮಾಡಿದ ಮೇಲೆ ಭಯ ಎಷ್ಟೋ ಇಳಿಯಿತು. ನಮ್ಮ ಅತ್ತೆ ಮಾತ್ರ ನಂಬದೆ, ಒಂದು ಮಧ್ಯಾಹ್ನ ಅಂಕಲಿಯಿಂದ ಮಂತ್ರವಾದಿಯನ್ನೇ ಕರೆಸಿದರು.

"ಮಗ್ಗದ ಮನಿ ದೆವ್ವ ಬೆನ್ನ ಹತ್ತೈತಿ. ಕೆಲಸಾ ಬಿಟ್ಟಬಿಡವಾ," ಎಂದ ಆತ.

"ಕೆಲಸಾ ಬಿಡೂದಿಲ್ರಿ. ತಾಯಿತಾನೂ ಕಟ್ಟಿಸ್ಕೊಳ್ಳೂದಿಲ್ಲ. ಬಂದ್ರ ಬರ್ಲಿ, ನಾ ನೋಡ್ಕೋತೀನಿ," ಎಂದೆ. ಡಾಕ್ಟರು ಹೇಳಿದ್ದನ್ನೆಲ್ಲ ಆತನಿಗೆ ಗಟ್ಟಿಯಾಗಿ ಹೇಳಿದೆ. ಅತ್ತೆ ಸಿಟ್ಟಿನಿಂದ ಚಹಾ ಮಾಡಲು ಒಳಗೆ ಹೋದರು.

ಆತ ಮೆಲ್ಲಗೆ ಹತ್ತಿರ ಸರಿದ. "ತಂಗಿ, ನನ್ನ ಎದಿ ಮ್ಯಾಲೂ ಕುಂದರ್ತೈತಿ. ಯಾರ ಮುಂದ ಹೇಳ್ಲಿ? ಇನ್ನೊಮ್ಮೆ ಹೇಳವಾ."

ನಾನು ನಿಧಾನವಾಗಿ ಹೇಳಿಕೊಟ್ಟೆ. ಆತ ಕೈಕಟ್ಟಿ ಕೂತು ತಲೆಯಾಡಿಸುತ್ತಿದ್ದ. ಚಹಾ ತಂದ ಅತ್ತೆ, ಮಂತ್ರ ಹಾಕುತ್ತಿರುವವರು ಯಾರೆಂದು ತಿಳಿಯದೆ ಬಾಗಿಲಲ್ಲೇ ನಿಂತುಬಿಟ್ಟರು.