ಗಟ್ಟಿಯಾಗಿ ಓದುತ್ತಿದ್ದ ಗುಮಾಸ್ತರು

ದೊಡ್ಡ ಗುಮಾಸ್ತರ ಕೆಳತುಟಿಯ ನಟ್ಟನಡುವೆ ಕಡಲೆಕಾಳಿನಷ್ಟು ಅಗಲದ ಮಸಿ ಕಲೆ ಯಾವಾಗಲೂ ಇರುತ್ತಿತ್ತು. ಯುದ್ಧದ ಕಾಲದಲ್ಲಿ ಕಚೇರಿಗೆ ಬರುತ್ತಿದ್ದ ಕಾಗದ ಬಲು ಒರಟು. ನಾಲ್ಕು ಸಾಲು ಬರೆಯುವಷ್ಟರಲ್ಲಿ ನಿಬ್ಬಿನ ತುದಿಗೆ ನಾರು ಸಿಕ್ಕಿಕೊಳ್ಳುತ್ತಿತ್ತು. ನಾವು ಅದನ್ನು ಚಿಂದಿಬಟ್ಟೆಯಲ್ಲಿ ಒರೆಸುತ್ತಿದ್ದೆವು. ಅವರು ತುಟಿಯಿಂದಲೇ ಕಚ್ಚಿ ಎಳೆದು, ಪಕ್ಕಕ್ಕೆ ಉಗಿದು, ಮುಂದಿನ ಸಾಲು ಹಿಡಿಯುತ್ತಿದ್ದರು. ಮೊದಲ ದಿನ ನನ್ನ ಕಣ್ಣಿಗೆ ಬಿದ್ದದ್ದು ಆ ತುಟಿ. ಅದು ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ನಾನು ಆಗತಾನೇ ಸಬ್ ರಿಜಿಸ್ಟ್ರಾರ್ ಕಚೇರಿಯೊಂದಕ್ಕೆ ನಕಲು ಗುಮಾಸ್ತನಾಗಿ ಸೇರಿದ್ದೆ. ಊರಿನ ಹೆಸರು ಬೇಡ. ಬೆಂಗಳೂರಿನ ಸುತ್ತಿನ ತಾಲ್ಲೂಕು ಊರುಗಳಲ್ಲಿ ಒಂದು ಅಂದುಕೊಂಡರೆ ಸಾಕು. ನನ್ನೂರು ಆವತಿ. ನಮ್ಮ ಮನೆಯಲ್ಲಿ ನೇಗಿಲು ಬಿಟ್ಟು ಲೇಖನಿ ಹಿಡಿದವನು ನಾನೇ ಮೊದಲು. ನಮ್ಮಪ್ಪ ಆ ಸುದ್ದಿಯನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದರು, ಕೆಲಸ ಹಂಗಾಮಿ ಅನ್ನುವುದೊಂದನ್ನು ಬಿಟ್ಟು. ನನ್ನ ಜಾಗದಲ್ಲಿ ಮೊದಲಿದ್ದವನನ್ನು ಎರಡೇ ಎರಡು ತಪ್ಪಿಗೆ ಮನೆಗೆ ಕಳಿಸಿದರೆಂದು ಜವಾನ ನನಗೆ ಕುರ್ಚಿ ತೋರಿಸುವಾಗಲೇ ತಿಳಿಸಿದ. ನಾನು ಹುಟ್ಟಿನಿಂದಲೇ ಪುಕ್ಕಲ. ಒಳಗಿನ ಕೋಣೆಯಲ್ಲಿ ಸಾಹೇಬರು ಮೇಜಿನ ಮೇಲಿನ ಗಂಟೆ ಒತ್ತಿದರೆ, ಕರೆದದ್ದು ಜವಾನನನ್ನೇ ಆದರೂ, ನಾನೂ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದೆ.

ಕೆಲಸವೇನೋ ಕೇಳುವುದಕ್ಕೆ ಸುಲಭ. ಜನ ನೋಂದಾಯಿಸಲು ತಂದ ಪತ್ರವನ್ನು ದಪ್ಪ ಪುಸ್ತಕದಲ್ಲಿ ಅಕ್ಷರಕ್ಕೆ ಅಕ್ಷರ ಇಳಿಸಬೇಕು. ಆಮೇಲೆ ಇಬ್ಬರು ಕೂತು ತಾಳೆ ನೋಡಬೇಕು: ಒಬ್ಬ ಮೂಲಪತ್ರವನ್ನು ಓದುತ್ತಾನೆ, ಇನ್ನೊಬ್ಬ ಪುಸ್ತಕದ ಮೇಲೆ ಕಣ್ಣಿಟ್ಟು, ಸಾಲು ಸರಿಯಿದ್ದರೆ "ಹೂಂ" ಅನ್ನುತ್ತಾನೆ. ಇಬ್ಬರೂ ಸಹಿ ಹಾಕಿದ ಮೇಲೆ ಮೂಲಪತ್ರ ವಾರಸುದಾರರ ಮನೆಗೆ ಹೋಗುತ್ತದೆ, ಪುಸ್ತಕ ಕಬ್ಬಿಣದ ಬೀರುವಿಗೆ. ನಾಳೆ ಪತ್ರ ಸುಟ್ಟುಹೋಗಲಿ, ಕಳೆದುಹೋಗಲಿ, ಪುಸ್ತಕದಲ್ಲಿ ಇದ್ದದ್ದೇ ಸತ್ಯ.

ಕಷ್ಟವಿದ್ದದ್ದು ಆ ಕೂಡುವ ಜಾಗದಲ್ಲಿ. ಗೋಡೆಯಿಲ್ಲ, ಮರೆಯಿಲ್ಲ, ಒಂದೇ ಉದ್ದನೆಯ ಪಡಸಾಲೆ. ಒಂದು ಮೂಲೆಯಲ್ಲಿ ಜವಾನ ಮೊಹರು ಕುಟ್ಟುತ್ತಿದ್ದ. ಕಿಟಕಿಯಾಚೆ ಹೊಂಗೆಮರದ ಕೆಳಗೆ ಪತ್ರ ಬರೆಯುವವರು ಕಕ್ಷಿಗಾರರಿಗೆ ಕೂಗಿ ಕೂಗಿ ವಿವರ ಕೇಳುತ್ತಿದ್ದರು. ಅಣ್ಣತಮ್ಮಂದಿರು ಜಗುಲಿಯ ಮೇಲೇ ಜಗಳ ಶುರುಮಾಡಿ ಒಳಗೆ ಬಂದು ಮುಗಿಸುತ್ತಿದ್ದರು. ಇದೆಲ್ಲವನ್ನೂ ಹೇಗೋ ತಡೆದುಕೊಳ್ಳಬಹುದಿತ್ತು. ನನ್ನ ಬಲಗಡೆ ಮೊಳದೂರದಲ್ಲಿ ಕೂತ ದೊಡ್ಡ ಗುಮಾಸ್ತರನ್ನು ತಡೆದುಕೊಳ್ಳುವುದೇ ಆಗುತ್ತಿರಲಿಲ್ಲ.

ಅವರು ಬರೆಯುವ ಪ್ರತಿ ಮಾತನ್ನೂ ಗಟ್ಟಿಯಾಗಿ ಓದಿಕೊಂಡೇ ಬರೆಯುತ್ತಿದ್ದರು. ಅದೂ ಒಂದೇ ದನಿಯಲ್ಲಲ್ಲ. ಕ್ರಯಪತ್ರಕ್ಕೆ ಸಂತೆಯ ದನಿ. ದಾನಪತ್ರಕ್ಕೆ ಪೂಜಾರಿಯ ದನಿ. ಅಣ್ಣತಮ್ಮಂದಿರ ವಿಭಾಗಪತ್ರ ಬಂದರೆ ಮನೆಯವರೇ ಬೇರೆಯಾದ ಹಾಗೆ ಗಂಟಲು ಕಟ್ಟಿಸಿಕೊಳ್ಳುತ್ತಿದ್ದರು. ಒಂದು ದಿನ ಧೈರ್ಯ ಮಾಡಿ, "ಸ್ವಾಮಿ, ಮನಸ್ಸಲ್ಲೇ ಓದ್ಕೊಂಡ್ರೆ ಆಗಲ್ವಾ?" ಎಂದೆ. ಅವರಿಗೆ ಬೇಸರವಾಗಲಿಲ್ಲ. ನಕ್ಕು, "ಮರೀ, ಕಣ್ಣು ಕಳ್ಳ, ಕಿವಿ ಕಾವಲುಗಾರ. ಕಣ್ಣು ಒಂದು ಸಾಲು ಕದ್ದುಬಿಟ್ರೆ ಹಿಡಿಯೋರ್ಯಾರು? ಮೂವತ್ತು ವರ್ಷದಿಂದ ನನ್ನ ಕೈಯಲ್ಲಿ ಒಂದು ಸಾಲು ಬಿಟ್ಟೋಗಿಲ್ಲ. ನೀನೂ ಓದಿ ಬರಿ" ಅಂದರು. ಆಮೇಲೆ ಚೀಲದಿಂದ ಹುರಿದ ಅವರೆಕಾಳು ತೆಗೆದು ನನ್ನ ಕೈಗೆ ಹಾಕಿದರು. ಅವರು ಹೆಂಡತಿಯನ್ನು ಕಳೆದುಕೊಂಡವರು. ಇದ್ದೊಬ್ಬ ಮಗಳನ್ನು ಸಮೇತನಹಳ್ಳಿಗೆ ಕೊಟ್ಟಿದ್ದರು. ವಯಸ್ಸು ಮೀರಿದ್ದರೂ ಯುದ್ಧದಿಂದಾಗಿ ಆಳು ಸಿಗುವುದಿಲ್ಲವೆಂದು ಸರ್ಕಾರ ಅವರನ್ನು ವರ್ಷ ವರ್ಷ ಮುಂದುವರಿಸುತ್ತಿತ್ತು. ಆ ಕುರ್ಚಿ ಬಿಟ್ಟರೆ ಅವರಿಗೆ ಬೇರೆ ಮನೆಯಿರಲಿಲ್ಲ.

ಎರಡನೆಯ ತಿಂಗಳು ನಡೆಯಬಾರದ್ದು ನಡೆಯಿತು. ನಾನು ಪೇಟೆಬೀದಿಯ ಒಂದು ಮನೆಯ ಕ್ರಯಪತ್ರ ಇಳಿಸುತ್ತಿದ್ದೆ. ಅವರು ಪಕ್ಕದಲ್ಲಿ ಯಾವುದೋ ಹೊಲದ ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನು ರಾಗವಾಗಿ ಓದುತ್ತಿದ್ದರು. ತಾಳೆ ನೋಡುವಾಗ ಸಿಕ್ಕಿತು: ಪೇಟೆಬೀದಿಯ ಮನೆಯ ದಕ್ಷಿಣಕ್ಕೆ ನಾನು ಒಂದು ನೀರಿನ ಕುಂಟೆಯನ್ನೂ ಎರಡು ಹುಣಸೆಮರಗಳನ್ನೂ ತಂದು ನಿಲ್ಲಿಸಿದ್ದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪುಸ್ತಕದಲ್ಲಿ ಹೊಡೆದುಹಾಕಿದ ಮಾತಿಗೆಲ್ಲ ಸಾಹೇಬರ ಸಹಿ ಬೇಕು, ಸಾಹೇಬರು ನಗಲಿಲ್ಲ. "ಒಂದಾಯ್ತು. ಇನ್ನೊಂದು ಸಲ ಹಿಂಗಾದ್ರೆ ಊರಿಗೆ ಹೋಗಿ ದನ ಕಾಯಿ" ಎಂದರು.

ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ಅವರ ಬಾಯಿಂದ ಹೊರಟ ಮಾತೆಲ್ಲ ನನ್ನ ಪುಸ್ತಕಕ್ಕೇ ಬರುತ್ತಿದೆ ಅನ್ನಿಸಿ, ಬರೆದದ್ದನ್ನೇ ಐದು ಸಲ ನೋಡುತ್ತಿದ್ದೆ. ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತೆ. ದೇವರು ದಾರಿ ತೋರಿಸುವ ತನಕ ಕಾಯುವ ತಾಳ್ಮೆಯಿಲ್ಲದೆ ನಾನೇ ಒಂದು ದಾರಿ ಕಂಡುಕೊಂಡೆ. ಹತ್ತಿಯನ್ನು ಎಣ್ಣೆಯಲ್ಲಿ ನೆನೆಸಿ, ಹಿಂಡಿ, ಉಂಡೆ ಕಟ್ಟಿ ಎರಡೂ ಕಿವಿಗೆ ತುರುಕಿಕೊಂಡೆ. ಪೇಟ ಕಿವಿಯ ಮೇಲೆ ಇಳಿದಿರುತ್ತಿದ್ದರಿಂದ ಯಾರಿಗೂ ಕಾಣುತ್ತಿರಲಿಲ್ಲ. ಎಂಥ ಸುಖವದು! ಪಡಸಾಲೆಯೇ ನೀರೊಳಗೆ ಮುಳುಗಿದ ಹಾಗಿತ್ತು, ನನ್ನ ಅಕ್ಷರ ದುಂಡಗಾಯಿತು.

ಆದರೆ ತಾಳೆಗೆ ಕೂತಾಗ ಹತ್ತಿಯನ್ನು ತೆಗೆಯಬೇಕಲ್ಲ. ತೆಗೆದರೆ ಅವರಿಗೆ ಕಾಣುತ್ತದೆ. ತನ್ನ ದನಿಗೆ ಹೆದರಿ ಹುಡುಗ ಕಿವಿ ಮುಚ್ಚಿಕೊಂಡಿದ್ದಾನೆ ಎಂದು ಗೊತ್ತಾಗುತ್ತದೆ. ಅಷ್ಟು ದೊಡ್ಡವರ ಮುಖಕ್ಕೆ ಹಾಗೆ ಹೊಡೆಯಲು ನನಗೆ ಭಯ. ಹಾಗಾಗಿ ಅವರು ಮೂಲವನ್ನು ಓದುವಾಗ ನಾನು ಪುಸ್ತಕ ನೋಡಿಕೊಂಡು, ಅವರ ತುಟಿ ನಿಂತಾಗಲೆಲ್ಲ "ಹೂಂ" ಅನ್ನುತ್ತಿದ್ದೆ. ಸುಮಾರು ಮೂರು ವಾರ ಹೀಗೆ ಹೂಂಗುಟ್ಟಿದೆ. ಇಬ್ಬರ ಸಹಿಯೂ ಬೀಳುತ್ತಿತ್ತು. ಆಮೇಲೆ ಕಿವಿ ನೋಯತೊಡಗಿ ಹತ್ತಿ ಬಿಟ್ಟೆ; ಅಷ್ಟರಲ್ಲಿ ಆ ದನಿ ರೂಢಿಯಾಗಿತ್ತು.

ನಾಲ್ಕು ತಿಂಗಳ ಮೇಲೆ ಒಬ್ಬ ವಿಧವೆ ಹೆಂಗಸು ಬಂದು, ತನ್ನ ಮನೆಯ ವಿಭಾಗಪತ್ರದ ನಕಲು ಬೇಕೆಂದಳು. ಗಂಡ ಸತ್ತ ಮೇಲೆ ಬಾವನ ಜೊತೆ ಆಸ್ತಿ ಪಾಲಾಗಿತ್ತು. ಪತ್ರ ಬಾವನ ಹತ್ತಿರವಿತ್ತು. "ಪತ್ರ ಇಲಿ ತಿಂದೋಯ್ತು ಅಂತಾರೆ ಸ್ವಾಮಿ. ಕಪಿಲೆ ಬಾವಿ ನಿಂದಲ್ಲ ಅಂತಾರೆ. ಮೂರು ದಿನ ಅವರ್ದು, ಮೂರು ದಿನ ನಂದು, ಒಂದಿನ ಎತ್ತಿಗೆ ಬಿಡುವು ಅಂತ ಇಲ್ಲೇ ಓದಿ ಹೇಳಿದ್ರಲ್ಲ. ಮೆಣಸಿನ್ ಸಸಿ ಎಲ್ಲಾ ಬಾಡ್ತಾ ಅವೆ. ಊರೋರು ನಕಲು ತಂದು ತೋರಿಸು ಅಂದ್ರು" ಎಂದು ಜಗುಲಿಯ ಕಂಬಕ್ಕೆ ಒರಗಿ ಕೂತಳು.

ಪುಸ್ತಕ ತೆಗೆದು ನೋಡಿದೆ. ನನ್ನದೇ ದುಂಡು ಅಕ್ಷರ. ಸೋಮವಾರ, ಮಂಗಳವಾರ, ಬುಧವಾರ ಬಾವಿಯ ನೀರಿಗೆ ಬಾವ ಹಕ್ಕುದಾರನೆಂದಿತ್ತು. ಮುಂದಿನ ಸಾಲು ಹಿತ್ತಲಿನ ವಿಚಾರ. ಅವಳ ಮೂರು ದಿನ ಎಲ್ಲೂ ಇಲ್ಲ. ಮೂಲದಲ್ಲಿ ಬಾವನ ಸಾಲೂ ಅವಳ ಸಾಲೂ "ಹಕ್ಕುದಾರರು" ಎಂದೇ ಮುಗಿದಿರಬೇಕು. ನನ್ನ ಕಣ್ಣು ಒಂದರಿಂದ ಇನ್ನೊಂದಕ್ಕೆ ಹಾರಿತ್ತು. ಪಕ್ಕದಲ್ಲಿ ತಾರೀಖು ನೋಡಿದೆ. ಹತ್ತಿಯ ವಾರಗಳು.

ನಾನು ಏನು ಮಾಡಿದೆನೆಂದು ಹೇಳಲು ಈಗಲೂ ನಾಚಿಕೆ. ಸುಮ್ಮನೆ ಕೂತು, ಪುಸ್ತಕದಲ್ಲಿ ಇದ್ದಂತೆಯೇ ನಕಲು ಬರೆದೆ. ಪುಸ್ತಕದಲ್ಲಿದ್ದದ್ದೇ ಸತ್ಯವಲ್ಲವೇ ಎಂದುಕೊಂಡೆ. ಕಂಬಕ್ಕೆ ಒರಗಿದವಳ ಕಡೆ ತಿರುಗಲಿಲ್ಲ. "ಎರಡಾಯ್ತು" ಎಂದು ಸಾಹೇಬರು ಹೇಳುವುದು, ನಮ್ಮಪ್ಪ ಊರಬಾಗಿಲಲ್ಲಿ ತಲೆತಗ್ಗಿಸಿ ನಿಲ್ಲುವುದು, ಇವೇ ಕಣ್ಣಮುಂದೆ ಬರುತ್ತಿದ್ದವು. ನಕಲಿಗೂ ತಾಳೆ ನೋಡಬೇಕಿತ್ತು. ಪುಸ್ತಕವನ್ನು ದೊಡ್ಡ ಗುಮಾಸ್ತರ ಮುಂದೆ ತಳ್ಳಿದೆ.

ಅವರು ಗಂಟಲು ಕಟ್ಟಿಸಿಕೊಂಡು ಓದತೊಡಗಿದರು. ಬಾವಿಯ ಸಾಲಿಗೆ ಬಂದವರು ನಿಂತರು. ಇನ್ನೊಂದು ಸಲ ಗಟ್ಟಿಯಾಗಿ ಓದಿದರು.

"ಇದೇನ್ ಮರೀ, ವಾರಕ್ಕೆ ಮೂರೇ ದಿನಾನಾ? ಮಿಕ್ಕ ದಿನ ಆ ಬಾವೀಲಿ ಯಾರು ನೀರ್ ಹೊಡೀತಾರೆ?"

ಅವರು ಕೆಳಗಿನ ಎರಡು ಸಹಿಗಳನ್ನು ನೋಡಿದರು. ನಾನು ಅವರಿಂದ ಎಂದೂ ಕೇಳಿರದ ಸಣ್ಣ ದನಿಯಲ್ಲಿ ಲೆಕ್ಕ ಹಾಕಿಕೊಂಡರು. "ಮೂಲ ಓದಿದ್ದು ನಾನು. ಪುಸ್ತಕ ನೋಡ್ತಿದ್ದದ್ದು ನೀನು. ಆ ಸಾಲು ನಾನು ಓದಿದ್ರೆ, ಪುಸ್ತಕದಲ್ಲಿ ಇಲ್ಲ ಅಂತ ನೀನು ಅಲ್ಲೇ ನಿಲ್ಲಿಸ್ತಿದ್ದೆ. ನೀನು ಹೂಂ ಅಂದಿದ್ದೀಯ. ಅಂದ್ರೆ ನಾನೇ ಓದಿಲ್ಲ. ನನ್ನ ಕಣ್ಣು ಕದ್ದುಬಿಡ್ತು ಕಣಪ್ಪಾ."

ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಯಾರಿಗೂ ಸಿಗುವುದಿಲ್ಲ. ನಾನು ಬ್ಲಾಟಿಂಗ್ ಕಾಗದವನ್ನು ನೋಡುತ್ತ ಕೂತಿದ್ದೆ.

"ಇದನ್ನ ಹಿಂಗೇ ಕೊಟ್ಟುಕಳಿಸಿದ್ರೆ ಆ ಹೆಣ್ಣುಮಗಳು ಕೆಟ್ಟಳು" ಎಂದು ಎದ್ದರು. ಪೇಟ ಸರಿಮಾಡಿಕೊಂಡು ಸಾಹೇಬರ ಕೋಣೆಗೆ ಹೋದರು. ಬಾಗಿಲು ಅರ್ಧ ತೆರೆದಿತ್ತು. "ಬರೆಯೋ ಹುಡುಗನದು ಎಳೇ ಕೈ, ಸಾಲು ಹಾರೋದು ಸಹಜ. ಅದನ್ನ ಹಿಡಿಯೋಕೇ ನನ್ನ ಕೂರಿಸಿರೋದು. ನಾನು ಓದ್ತಾ ತಪ್ಪಿದೀನಿ. ಮೂಲ ತರಿಸಿ ನೋಡ್ಬೇಕು ಸ್ವಾಮಿ" ಎಂದು ಅವರು ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು. ಅವತ್ತು ಕಿವಿಯಲ್ಲಿ ಏನೂ ಇರಲಿಲ್ಲ.

ಸಾಹೇಬರು ಆ ಬಾವನಿಗೆ ನೋಟೀಸು ಕಳಿಸಿದರು. ಇಲಿ ತಿಂದಿದ್ದ ಪತ್ರ ಎರಡೇ ದಿನದಲ್ಲಿ ಗರಿಗರಿಯಾಗಿ ಬಂತು. ಬಿಟ್ಟ ಸಾಲು ಅದರಲ್ಲಿತ್ತು. ಪುಸ್ತಕದ ಅಂಚಿನಲ್ಲಿ ಅದನ್ನು ಸೇರಿಸಿ ಸಾಹೇಬರು ಸಹಿ ಹಾಕಿದರು. ಹೆಂಗಸು ನಕಲನ್ನು ಕಣ್ಣಿಗೊತ್ತಿಕೊಂಡು, ದೊಡ್ಡ ಗುಮಾಸ್ತರಿಗೆ ಕೈಮುಗಿದು ಹೋದಳು. ನನ್ನನ್ನು ಸಾಹೇಬರು ಕರೆಯಲಿಲ್ಲ. ದೊಡ್ಡ ಗುಮಾಸ್ತರನ್ನು ಕರೆದು, ಬರುವ ವರ್ಷಕ್ಕೆ ಮುಂದುವರಿಸುವಂತೆ ಸರ್ಕಾರಕ್ಕೆ ಬರೆಯುವುದಿಲ್ಲ ಎಂದರು.

ಇನ್ನೂ ಆರು ವಾರವಿತ್ತು. ಆ ಆರು ವಾರ ಅವರು ಬಾಯಿ ತೆರೆದು ಓದಲೇ ಇಲ್ಲ. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಬಿಗಿದುಕೊಂಡು, ಒಂದೊಂದೇ ಅಕ್ಷರ ಬರೆಯುತ್ತಿದ್ದರು. ಒಂದು ಪುಟ ಮುಗಿಯಲು ಅರ್ಧ ದಿನ ಹಿಡಿಯುತ್ತಿತ್ತು. ಮುಗಿದ ಮೇಲೂ ಜವಾನನನ್ನು ಕರೆದು, "ಇಲ್ಲೇನಾದ್ರೂ ಬಿಟ್ಟೋಗಿದೆಯೇನೋ ನೋಡೋ" ಎಂದು ಕೇಳುತ್ತಿದ್ದರು. ಜವಾನನಿಗೆ ಓದಲು ಬರುತ್ತಿರಲಿಲ್ಲ. ನಾನು ಬೇಡಿದ ಮೌನ ನನ್ನ ಬಲಗಡೆ ಬಂದು ಕೂತಿತ್ತು. ಅದರ ಪಕ್ಕದಲ್ಲಿ ಕೂತು ಬರೆಯಲು ನನಗೆ ಇನ್ನಷ್ಟು ಭಯವಾಗುತ್ತಿತ್ತು. ಹೇಳಿಬಿಡೋಣ ಎಂದು ದಿನಾ ಬೆಳಗ್ಗೆ ಬರುತ್ತಿದ್ದೆ, ದಿನಾ ಸಂಜೆ ಹಾಗೇ ಹೋಗುತ್ತಿದ್ದೆ. ಕೊನೆಯ ದಿನ ಅವರು ಲೇಖನಿಯನ್ನು ತೊಳೆದಿಟ್ಟು, ನನ್ನ ಭುಜ ತಟ್ಟಿ, ಸಮೇತನಹಳ್ಳಿಯ ಮಗಳ ಮನೆಗೆ ಹೊರಟುಹೋದರು.

ಎರಡು ವರ್ಷದ ಮೇಲೆ, ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ನೋಡಲು ಹೋದೆ. ಅಷ್ಟರಲ್ಲಿ ನನ್ನ ಕೆಲಸ ಖಾಯಂ ಆಗಿತ್ತು. ಹೇಳಿದರೆ ಕಳೆದುಕೊಳ್ಳುವುದು ಏನೂ ಇರಲಿಲ್ಲ; ಹೇಳಿಯೇ ತೀರುವೆನೆಂದು ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಹೊಸ್ತಿಲ ಹತ್ತಿರ ಮಗಳು, "ನಮ್ಮಪ್ಪ ಒಂದು ಕಾಗದಾನೂ ಓದಲ್ಲ ಸ್ವಾಮಿ. ಬಂದ ಕಾಗದಾನೆಲ್ಲ ಟಪಾಲಿನವನ ಕೈಲೇ ಓದಿಸ್ತಾರೆ. ನನ್ನ ಕಣ್ಣು ನಂಬೋ ಹಂಗಿಲ್ಲ ಅಂತಾರೆ" ಎಂದಳು. ಆದರೆ ಅವರು ಒಳಮನೆಯ ಕತ್ತಲಲ್ಲಿ ಮಲಗಿದ್ದಲ್ಲಿಂದಲೇ, ಬಾಗಿಲಲ್ಲಿ ನಿಂತ ನನ್ನ ಗುರುತು ಹಿಡಿದು, "ಬಾ ಮರಿ" ಎಂದರು. ಆ ಕಣ್ಣಿಗೆ ಏನೂ ಆಗಿರಲಿಲ್ಲ.

ಪಕ್ಕದಲ್ಲಿ ಕೂತೆ. ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

"ಒಂದು ಮಾತು ಉಳ್ಕೊಂಡಿದೆ ಕಣಪ್ಪಾ. ಅವತ್ತು ನನ್ನಿಂದ ನಿನ್ನ ಕೆಲಸ ಹೋಗೋದ್ರಲ್ಲಿತ್ತು. ನನ್ನ ನಂಬಿ ನೀನು ಹೂಂ ಅಂದೆ, ನಾನು ಕೈ ಕೊಟ್ಟುಬಿಟ್ಟೆ. ಮಗ ಇದ್ದ ಹಾಗೆ ನೀನು. ಮನಸ್ಸಲ್ಲಿ ಇಟ್ಕೋಬೇಡ. ಮನ್ನಿಸಿದೀನಿ ಅಂತ ಒಂದು ಸಲ ಬಾಯಿಬಿಟ್ಟು ಹೇಳಿಬಿಡು."

ಜೋಡಿಸಿಕೊಂಡ ಮಾತುಗಳನ್ನು ಹೇಳಲು ತಲೆಯೆತ್ತಿದೆ. ಬಾಗಿಲಲ್ಲಿ ಮಗಳು ನಿಂತಿದ್ದಳು. ಅವಳೂ ನನ್ನ ಮುಖವನ್ನೇ ನೋಡುತ್ತಿದ್ದಳು. ಅಪ್ಪನ ಕೆಲಸ ಹೋದದ್ದು ಇವನಿಂದಲೇ ಎಂದು ಅವಳು ತಿಳಿದುಕೊಳ್ಳುವ ಗಳಿಗೆಯನ್ನು ನೆನೆದೆ.

"ಮನ್ನಿಸಿದೀನಿ ಸ್ವಾಮಿ. ಆಗಿದ್ದು ಆಗೋಯ್ತು ಬಿಡಿ" ಎಂದೆ.

ಅವರ ಮುಖ ಸಡಿಲವಾಯಿತು. ನನ್ನ ಕೈ ಹಿಡಿದುಕೊಂಡೇ ನಿದ್ದೆ ಹೋದರು. ಮಗಳು ನನ್ನನ್ನು ಬೀದಿಯ ತನಕ ಕಳಿಸಲು ಬಂದು, "ನೀವು ದೊಡ್ಡ ಮನಸ್ಸು ಮಾಡಿದ್ರಿ" ಎಂದು ಕಾಲುಮುಟ್ಟಲು ಬಗ್ಗಿದಳು. ನಾನು ಹಿಂದಕ್ಕೆ ಸರಿದು ಬೇಗಬೇಗ ನಡೆದೆ. ಒಂಬತ್ತನೆಯ ದಿನ, ಅವರು ಹೋದರೆಂದು ಕಾಗದ ಬಂತು.