ಅಟ್ಟದ ಮೇಲೆ ಒಂದು ತಾಸು

ನಾಜಿಗಳ ಕಾಲದಲ್ಲಿ ಯಹೂದಿಗಳನ್ನು ತಮ್ಮ ಮನೆಯಲ್ಲಿ ಅಡಗಿಸಿಟ್ಟ ಸಾಮಾನ್ಯ ಜನರ ಬಗ್ಗೆ ನನಗೆ ಯಾರೂ ಕಲಿಸಲಿಲ್ಲ. ಸಾಂಗಲಿಯ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಓದಿದ್ದು, ಅಷ್ಟೇ. ರೈತರು, ದರ್ಜಿಗಳು, ನಮ್ಮಂಥವರೇ. ಎಷ್ಟೋ ಕಡೆ ಸಿಕ್ಕಿಬಿದ್ದರೆ ಅಡಗಿದವರ ಜೊತೆ ಅಡಗಿಸಿದವರಿಗೂ ಸಾವು! ನಮ್ಮೂರು ಸಮಡೋಳಿಯ ಮನೆಗೆ ಬಂದದ್ದೇ ಎಲ್ಲವನ್ನೂ ಅಜ್ಜಿಗೆ ಹೇಳುತ್ತಿದ್ದೆ. ಅವರು ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದರು.

ಒಂದು ದಿನ ಕೇಳಿಯೇಬಿಟ್ಟೆ. "ಅಜ್ಜಿ, ನೀವಾಗಿದ್ದರ ಅಡಗಸತಿದ್ರೇನು?"

ನನಗೆ ಅನುಮಾನವಿತ್ತು. ಅಜ್ಜಿ ಸುಳ್ಳು ಹೇಳುವುದಿಲ್ಲವೆಂದು ಬಸದಿಯಲ್ಲಿ ವ್ರತ ತೊಟ್ಟವರು. ನನ್ನ ಹೊಸ ಡ್ರೆಸ್ ನೋಡಿ "ಗೋಣಿಚೀಲ ಇದ್ಹಂಗ ಐತಿ" ಅಂದವರು.

"ಅಟ್ಟದ ಮ್ಯಾಲ ಹತ್ತಿ ಕುಂದ್ರು. ಒಂದ ತಾಸು. ನೋಡೂಣು," ಅಂದರು.

ಜೋಳದ ಚೀಲಗಳ ನಡುವೆ ಸೀನು ತಡೆದು ಕೂತೆ. ಹತ್ತು ನಿಮಿಷವೂ ಆಗಿರಲಿಲ್ಲ, ಊರ ಸುದ್ದಿಯನ್ನೆಲ್ಲ ಹಂಚುವ ಪಕ್ಕದ ಮನೆಯ ಮಾವಶಿ ನನ್ನಿಂದ ಫೋನ್ ರಿಚಾರ್ಜ್ ಮಾಡಿಸಿಕೊಳ್ಳಲು ಬಂದರು.

"ಕಾಕೂ, ಮೊಮ್ಮಗಳು ಎಲ್ಲಿ ಅದಾಳ್ರಿ?"

"ಅಟ್ಟದ ಮ್ಯಾಲ ಅಡಗ್ಯಾಳ."

ದಡಬಡ ಇಳಿದೆ. "ಅಜ್ಜಿ! ನನ್ನ ಕೊಲ್ಲಿಸಿಬಿಟ್ರಲ್ರಿ!"

"ಸುಮ್ನ ಕುಂದ್ರು. ಇಕಿಗೆ ಹೇಳದ ಹೆಂಗ ನಡೀತದ? ನಾಕ ಮಂದಿ ಅಡಗಿದ್ರ ಹಿಟ್ಟೆಷ್ಟು ಬೇಕು? ನಮ್ಮ ಜ್ವಾಳದ ಡಬ್ಬಿ ವಾರಕ್ಕ ಎರಡ ಸಲ ಗಿರಣಿಗೆ ಹೋದ್ರ, ಮನಿಗೆ ಯಾರ ಬಂದಾರ ಅಂತ ಗಿರಣಿಯವ ಕೇಳತಾನ. ಅರ್ಧಾ ಜ್ವಾಳ ಇಕಿ ಬೀಸಿಸಿಕೊಂಡ ಬರಲಿ."

ಅಷ್ಟೆಲ್ಲ ಓದಿದ್ದರೂ ಇದು ನನಗೆ ಹೊಳೆದಿರಲಿಲ್ಲ. ಒಂದು ಮನೆಯಿಂದ ಆಗುವ ಕೆಲಸವಲ್ಲ ಅದು!

ಮಾವಶಿಗೆ ಕತೆಯೆಲ್ಲ ಹೇಳಿದೆ. "ಅಗ ಬಾಈ!" ಎಂದು ಬೆರಗಾಗಿ ಅಲ್ಲೇ ಕೂತುಬಿಟ್ಟರು. ಆಮೇಲೆ ಅಂದರು: "ಡಬ್ಬಿ ನನ್ನ ಕಡೆ ಕೊಡ್ರಿ. ಎಮ್ಮಿ ಹಾಲೂ ತರತೇನಿ. ಸೈನಿಕರು ಬಂದ್ರ ಸುಳ್ಳೂ ನಾನ ಹೇಳತೇನಿ, ಕಾಕೂ. ನಿಮ್ಮ ವ್ರತ ಯಾಕ ಕೆಡಬೇಕು? ನನಗ ರೂಢಿ ಐತಿ."

ಮೂವರೂ ಬಿದ್ದು ಬಿದ್ದು ನಕ್ಕೆವು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ರೊಟ್ಟಿ ತಿರುವಿ ಹಾಕಿದರು.

"ಬಾಗಲಾ ನಂದು. ಸುಳ್ಳೂ ನಾನ ಹೇಳಬೇಕು. ಒಳಗ ಯಾರೂ ಇಲ್ಲ ಅಂತೇನಿ. ವ್ರತ ಕೆಟ್ಟದ್ದಕ್ಕ ಮರುದಿನ ಉಪವಾಸ ಮಾಡತೇನಿ."

"ಮತ್ತ ಸೈನಿಕರು ದಿನಾ ಬಂದ್ರ?" ನಾನು ಕೇಳಿದೆ.

"ದಿನಾ ಉಪವಾಸ. ಅಟ್ಟದ ಮ್ಯಾಲಿನವ್ರಿಗೆ ಒಂದೊಂದು ರೊಟ್ಟಿ ಹೆಚ್ಚಿಗಿ ಆತು."