ದಾರಿ ಆರಿಸುವ ಮಲಕಪ್ಪ

ವಿಜಯಪುರದ ಸೈಕಲ್ ಗೆಳೆಯರಿಗೆ ಭಾನುವಾರದ ದಾರಿ ಆರಿಸಿಕೊಡುವ ಬಟ್ಟೆ ಅಂಗಡಿಯ ಮಲಕಪ್ಪನಿಗೆ ಪ್ರತಿ ಶನಿವಾರ ತಲೆ ಗಿರ್ರೆನ್ನುತ್ತದೆ. “ತಿಕೋಟಾ ರಸ್ತೆ ಹಿಡಿಯೂಣು” ಎಂದವನು ಚಹಾ ಆರುವುದರೊಳಗೆ “ಬ್ಯಾಡ್ರಿ, ಲಾರಿ ಭಾಳ. ಅರಕೇರಿ ಹೊಲದ ದಾರೀನ ಚೊಲೊ” ಎನ್ನುತ್ತಾನೆ. ಅಲ್ಲಿಯ ಜಾಲಿಮುಳ್ಳು ನೆನಪಾದೊಡನೆ ಬಬಲೇಶ್ವರದ ಡಾಂಬರಿಗೆ ಹೊರಳುತ್ತಾನೆ. ಕೊನೆಗೆ ಯಾವುದಕ್ಕೆ ಒಪ್ಪಿದೆನೆಂದು ಅವನಿಗೇ ತಿಳಿಯದು. ಗೆಳೆಯರು ನಗುತ್ತಾರೆ, ಅವನೂ ನಗುತ್ತಾನೆ. ಆದರೆ ಹೋದ ವರ್ಷ ತಿಕೋಟಾ ರಸ್ತೆಯಲ್ಲಿ ಟೆಂಪೊ ಬಡಿದು ಗೆಳೆಯ ಅತೀಕನ ಕಾಲು ಮುರಿದ ದಿನ ಆ ದಾರಿ ಆರಿಸಿದ್ದವನು ತಾನೇ ಎಂಬುದು ಅವನ ಎದೆಯಿಂದ ಇಳಿದಿಲ್ಲ. ಈ ಶನಿವಾರ ಅತೀಕ ಕುಂಟುತ್ತ ಸೈಕಲ್ ತಳ್ಳಿಕೊಂಡು ಬಂದ. ಮಲಕಪ್ಪ ದಾರಿಯ ಮಾತು ಬಿಟ್ಟು ಅವನ ಸೈಕಲ್ಲಿನ ಗಾಳಿ ಒತ್ತಿ ನೋಡತೊಡಗಿದ. ಅತೀಕನೇ ಹೇಳಿದ: “ತಿಕೋಟಾಕ್ಕ ಹೋಗೂಣು ಯಣ್ಣಾ. ನೀ ಮುಂದ ನಡಿ, ನಾ ನಿನ್ನ ಬೆನ್ನಿಗೇ ಬರ್ತೇನಿ.”